ಅಂಕೋಲೆಯ ದಾರಿ

ಬೆಂಗಳೂರಿನ ಟಿ. ದಾಸರಹಳ್ಳಿಯಲ್ಲಿ, ತುಮಕೂರು ರಸ್ತೆಯ ಎಂಟನೆಯ ಮೈಲಿಯ ಬಳಿ, ಇರುಳಾಗುತ್ತಿದ್ದಂತೆ ಗಂಟುಮೂಟೆಗಳೊಡನೆ ಜನ ನೆರೆಯುತ್ತಾರೆ. ಮೇಲೆ ಮೆಟ್ರೋ ರೈಲು ಸದ್ದು ಮಾಡುತ್ತ ಹಾದುಹೋಗುತ್ತಿರುತ್ತದೆ. ಕೆಳಗೆ ಶಿವಮೊಗ್ಗೆ, ಹುಬ್ಬಳ್ಳಿ, ಕಾರವಾರಗಳ ಫಲಕ ಹೊತ್ತ ಬಸ್ಸುಗಳು ಒಂದರ ಹಿಂದೆ ಒಂದು ಬಂದು, ಅರೆಗಳಿಗೆ ನಿಂತು, ಹೊರಟುಹೋಗುತ್ತವೆ. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯಲೆಂದು ನಾಡಿನ ಮೂಲೆಮೂಲೆಗಳಿಂದ ಬಂದು ಇಲ್ಲಿಯೇ ನೆಲೆಸಿದವರಿಗೆ ಈ ನಿಲ್ದಾಣವೇ ತವರಿನ ಹೆಬ್ಬಾಗಿಲು. ಫಾಲ್ಗುಣದ ಹುಣ್ಣಿಮೆಗೆ ಇನ್ನು ನಾಲ್ಕು ದಿನಗಳಿವೆ ಎನ್ನುವಾಗ ಹಿರಿಯರೊಬ್ಬರು ಮೊಮ್ಮಗಳೊಡನೆ ಅಲ್ಲಿ ಅಂಕೋಲೆಯ ಬಸ್ಸಿಗಾಗಿ ಕಾದು ನಿಂತಿದ್ದರು.

ಅವರು ಊರು ಬಿಟ್ಟು ನಾಲ್ಕು ದಶಕಗಳಿಗೂ ಮೇಲಾಗಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ದುಡಿದು ನಿವೃತ್ತರಾದವರು. ಊರಿನಲ್ಲಿ ಅಣ್ಣನ ಮನೆಯಿದೆ. ಹಿಂದಿನ ವಾರ ಅಣ್ಣನಿಂದ ಒಂದು ಮಾತು ಬಂದಿತ್ತು: ಮೊಮ್ಮಗ ಐ.ಟಿ.ಐ. ಮುಗಿಸಿದ್ದಾನೆ, ನಿನ್ನ ಕಡೆ ಎಲ್ಲಿಯಾದರೂ ಕೆಲಸ ನೋಡು. ಇದಕ್ಕೆ ಫೋನಿನಲ್ಲಿ ಉತ್ತರ ಹೇಳಲು ಅವರಿಗೆ ಮನಸ್ಸಾಗಲಿಲ್ಲ. ಸುಗ್ಗಿಯ ನೆಪ ಮಾಡಿಕೊಂಡು ಹೊರಟರು. ಒಂಬತ್ತನೆಯ ತರಗತಿಯ ಮೊಮ್ಮಗಳು ಪರೀಕ್ಷೆಯ ಪುಸ್ತಕವೊಂದನ್ನು ಚೀಲದಲ್ಲಿಟ್ಟುಕೊಂಡು ಜೊತೆಗೆ ಬಂದಳು. ಆ ಪುಸ್ತಕ ಹಿಂತಿರುಗುವವರೆಗೂ ಚೀಲದಿಂದ ಹೊರಬರಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಉತ್ತರ ಕನ್ನಡ ಜಿಲ್ಲೆಯಲ್ಲಿ ಕುಮಟೆಗೂ ಕಾರವಾರಕ್ಕೂ ನಡುವೆ ಇರುವ ಸಣ್ಣ ಊರು ಅಂಕೋಲೆ. ಸರ್ಕಾರಿ ಕಾಗದಗಳಲ್ಲಿ ಅದು ಅಂಕೋಲಾ. ಗುಡ್ಡದ ಇಳುಕಲುಗಳಲ್ಲಿ ಬೆಳೆಯುವ ಅಂಕೋಲೆ ಎಂಬ ಗಿಡದಿಂದ ಊರಿಗೆ ಈ ಹೆಸರು ಬಂದಿತೆಂದು ಹೇಳುತ್ತಾರೆ. ಇಲ್ಲಿ ಸಹ್ಯಾದ್ರಿಯ ಕವಲುಗಳು ಕಡಲಿನ ತೀರ ಸಮೀಪಕ್ಕೆ ಬಂದು ನಿಂತಿವೆ. ಬೆಟ್ಟಕ್ಕೂ ನೀರಿಗೂ ನಡುವೆ ಉಳಿದ ಕಿರಿದಾದ ಪಟ್ಟಿಯಲ್ಲಿಯೇ ಗದ್ದೆ, ತೋಟ, ಮನೆ, ಹೆದ್ದಾರಿ, ಎಲ್ಲವೂ ಇಕ್ಕಟ್ಟಾಗಿ ಹೊಂದಿಕೊಂಡಿವೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆ ಈ ಪಟ್ಟಿಯ ಮೇಲೆ ಸುರಿಯುತ್ತದೆ. ದಾಸರಹಳ್ಳಿಯಲ್ಲಿ ಮೂರು ವರ್ಷ ಬೀಳಬೇಕಾದ ಮಳೆ ಅಲ್ಲಿ ಒಂದೇ ವರ್ಷದಲ್ಲಿ ಬೀಳುತ್ತದೆ ಎಂದರೆ ಅದರ ಅಂದಾಜು ಸಿಕ್ಕೀತು.

ಊರಿನ ದಕ್ಷಿಣಕ್ಕೆ ಗಂಗಾವಳಿ ನದಿ. ಧಾರವಾಡದ ಸೋಮೇಶ್ವರದ ಬಳಿ ಹುಟ್ಟುವ ಶಾಲ್ಮಲೆಯ ನೀರನ್ನು ಕೂಡಿಸಿಕೊಂಡು, ಬೇಡ್ತಿ ಎಂಬ ಹೆಸರಿನಿಂದ ಕಾಡುಗಳ ನಡುವೆ ಹರಿದು, ಯಲ್ಲಾಪುರದ ಬಳಿ ಮಾಗೋಡಿನಲ್ಲಿ ಧುಮುಕಿ, ಕೊನೆಗೆ ಗಂಗಾವಳಿಯಾಗಿ ಮಂಜುಗುಣಿಯ ಬಳಿ ಕಡಲನ್ನು ಸೇರುತ್ತದೆ. ಕಡಲು ಹತ್ತಿರವಾದಂತೆ ಅದರ ನೀರಿಗೆ ಉಪ್ಪಿನ ರುಚಿ ಬರುತ್ತದೆ. ಏರಿಳಿತದ ನೀರು ಬಂದುಹೋಗುವ ತಗ್ಗು ಭೂಮಿಗೆ ಆ ಸೀಮೆಯಲ್ಲಿ ಗಜನಿ ಎಂದು ಹೆಸರು. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೊಳೆದಾಗ, ಉಪ್ಪನ್ನು ತಾಳಿಕೊಳ್ಳುವ ಕಗ್ಗ ಎಂಬ ಭತ್ತವನ್ನು ಗಜನಿಯಲ್ಲಿ ಬೆಳೆಯುವುದು ಹಳೆಯ ಪದ್ಧತಿ. ಕೊಯ್ಲಾದ ಮೇಲೆ ಕಟ್ಟೆಯ ಹಲಗೆಬಾಗಿಲನ್ನೆತ್ತಿ ಉಪ್ಪುನೀರನ್ನು ಒಳಕ್ಕೆ ಬಿಟ್ಟರೆ ಅದೇ ಗದ್ದೆ ಮೀನು, ಸಿಗಡಿಗಳ ಕೆರೆಯಾಗುತ್ತದೆ. ಗೊಬ್ಬರ ಹಾಕಬೇಕಾಗಿಲ್ಲ, ಔಷಧ ಸಿಂಪಡಿಸಬೇಕಾಗಿಲ್ಲ. ಅಳಿವೆಯ ಅಂಚಿನಲ್ಲಿ ಕಾಂಡ್ಲಾ ಗಿಡಗಳು ಬೇರುಗಳನ್ನು ಕೆಸರಿನಿಂದ ಮೇಲೆತ್ತಿ ನಿಂತಿರುತ್ತವೆ; ನೀರಿಳಿದಾಗ ಹೆಂಗಸರು ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬಳಚು ಆರಿಸಲು ಇಳಿಯುತ್ತಾರೆ.

ಮುಂಜಾವಿನಲ್ಲಿ ಬಸ್ಸು ಈ ನದಿಯ ಮಗ್ಗುಲಿಗೆ ಬಂದಾಗ ಹುಡುಗಿ ಕಿಟಕಿಯಿಂದ ನೋಡುತ್ತಿದ್ದಳು. ಶಿರೂರಿನ ಬಳಿ ಒಂದು ಪಕ್ಕ ಬೋಳಾದ ಗುಡ್ಡ, ಇನ್ನೊಂದು ಪಕ್ಕ ಹೊಳೆ. 2024ರ ಜುಲೈ 16ರ ಬೆಳಿಗ್ಗೆ ಆ ಗುಡ್ಡ ಕುಸಿದು ಹೆದ್ದಾರಿಯನ್ನು ದಾಟಿ ಹೊಳೆಗೆ ಬಿದ್ದಿತು. ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ನೀರು ಎದ್ದ ರಭಸಕ್ಕೆ ಆಚೆ ದಡದ ಉಳುವರೆಯಲ್ಲಿ ಮನೆಗಳು ಕೊಚ್ಚಿಹೋದವು. ಹೊಳೆಗೆ ಬಿದ್ದ ಒಂದು ಲಾರಿಯನ್ನು ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕಾಯಿತು. ಆ ದಿನಗಳಲ್ಲಿ ಮಳೆ ಹಿಡಿದುಕೊಂಡು ಸುರಿಯುತ್ತಿದ್ದುದು ನಿಜ. ಹೆದ್ದಾರಿಯ ವಿಸ್ತರಣೆಗೆಂದು ಗುಡ್ಡದ ಬುಡವನ್ನು ನೆಟ್ಟಗೆ ಕಡಿದಿದ್ದುದೂ ನಿಜ. ಬಸ್ಸಿನಲ್ಲಿ ಮಾತಾಡುತ್ತಿದ್ದವರೆಲ್ಲ ಆ ತಿರುವು ದಾಟುವವರೆಗೆ ಸುಮ್ಮನಾದರು.

ಅಂಕೋಲೆಯ ಪೇಟೆಯಲ್ಲಿ ಮೊದಲು ಕಣ್ಣಿಗೆ ಬೀಳುವವರು ಹಾಲಕ್ಕಿ ಒಕ್ಕಲು ಹೆಂಗಸರು. ಕೊರಳು ಮುಚ್ಚಿ ಎದೆಯವರೆಗೆ ಇಳಿಬಿದ್ದ ಕರಿಮಣಿಯ, ಬಣ್ಣದ ಮಣಿಗಳ ಸರಗಳು; ರವಿಕೆಯಿಲ್ಲದೆ ಹೆಗಲಿಗೆ ಬಿಗಿದು ಕಟ್ಟಿದ ಸೀರೆ. ಹಿರಿಯ ಹೆಂಗಸರಲ್ಲಿ ಮಾತ್ರ ಈ ಉಡುಗೆ ಉಳಿದುಕೊಂಡು ಬಂದಿದೆ. ತಾವೇ ಬೆಳೆದ ಬಸಳೆ, ಹರಿವೆ, ಗೆಣಸು, ಬದನೆಗಳನ್ನು ಮುಂದಿಟ್ಟುಕೊಂಡು ರಸ್ತೆಯ ಅಂಚಿನಲ್ಲಿ ಸಾಲಾಗಿ ಕುಳಿತಿರುತ್ತಾರೆ. ವೈಶಾಖದಲ್ಲಿ ಈ ಬುಟ್ಟಿಗಳಿಗೆ ಈಶಾಡು ಮಾವು ಬರುತ್ತದೆ. ಕರಿ ಈಶಾಡು, ಬಿಳಿ ಈಶಾಡು ಎಂದು ಅದರಲ್ಲಿ ಎರಡು ಬಗೆ, ಕರಿಯದು ಮೇಲು. ಅಂಕೋಲೆಯ ಕರಿ ಈಶಾಡಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹಣ್ಣು ಬಹಳ ದಿನ ತಾಳುವುದಿಲ್ಲ. ಅದಕ್ಕಾಗಿಯೇ ತಿರುಳನ್ನು ಡಬ್ಬಿಗಳಲ್ಲಿ ತುಂಬಿ ಪರವೂರಿಗೆ ಕಳುಹಿಸುವ ವಾಡಿಕೆ. ದಾಸರಹಳ್ಳಿಯ ಮನೆಗೂ ಪ್ರತಿವರ್ಷ ಅಂಥ ಒಂದು ಡಬ್ಬಿ ಬರುತ್ತಿತ್ತು. ಈಶಾಡು ಎಂಬುದು ಡಬ್ಬಿಯಲ್ಲಿ ಹುಟ್ಟುವ ಪದಾರ್ಥವೆಂದೇ ಹುಡುಗಿ ಚಿಕ್ಕಂದಿನಲ್ಲಿ ತಿಳಿದಿದ್ದಳಂತೆ. ಅವಳನ್ನು ನಗುವಂತಿಲ್ಲ, ನಗರದ ಮಕ್ಕಳಿಗೆ ಹಾಲು ಹುಟ್ಟುವುದೂ ಪೊಟ್ಟಣದಲ್ಲಿಯೇ.

ಆ ಸಂಜೆ ಅವರು ಸುಗ್ಗಿ ನೋಡಲು ಹೋದರು. ಹೋಳಿ ಹುಣ್ಣಿಮೆಯ ಹಿಂದಿನ ದಿನಗಳಲ್ಲಿ ಹಾಲಕ್ಕಿ ಗಂಡಸರು ತಂಡ ಕಟ್ಟಿಕೊಂಡು ಊರೂರು ತಿರುಗಿ ಕುಣಿಯುವುದೇ ಸುಗ್ಗಿ ಕುಣಿತ. ಬೆಂಡಿನ ಹೂವುಗಳಿಂದ, ಬಣ್ಣದ ಕಾಗದಗಳಿಂದ ಕಟ್ಟಿದ ಎತ್ತರದ ತುರಾಯಿಗಳನ್ನು ತಲೆಗೇರಿಸಿ, ಕೈಯಲ್ಲಿ ನವಿಲುಗರಿಯ ಕುಂಚ ಹಿಡಿದು, ಗುಮಟೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಾರೆ. ಗುಮಟೆಯೆಂದರೆ ಎರಡು ಕಡೆಯೂ ಬಾಯಿರುವ ಮಣ್ಣಿನ ಗಡಿಗೆ. ಒಂದು ಬಾಯಿಗೆ ಚರ್ಮ ಬಿಗಿದಿರುತ್ತದೆ, ಇನ್ನೊಂದನ್ನು ಅಂಗೈಯಿಂದ ಮುಚ್ಚಿ ತೆರೆದು ಸ್ವರವನ್ನು ಏರಿಳಿಸುತ್ತಾರೆ. ಬೆಳಂಬಾರದ ತಂಡ ಪೇಟೆಗೆ ಬಂದು ತಹಸೀಲದಾರರ ಕಚೇರಿಯ ಮುಂದೆ ಕುಣಿಯುವುದು ಹಳೆಯ ಸಂಪ್ರದಾಯ. ಕಡತಗಳನ್ನು ಬದಿಗಿಟ್ಟು ಕಚೇರಿ ಹೊರಗೆ ಬಂದು ನಿಲ್ಲುವ ದೃಶ್ಯವೂ ನೋಡುವಂಥದೇ. ಹಗರಣವೆಂಬ ಅಣಕದ ವೇಷಗಳೂ ಈ ಹಬ್ಬದ ಭಾಗ. ಆ ವರ್ಷದ ಸುದ್ದಿಗಳಲ್ಲಿ ನಗೆಗೆ ಒದಗುವುದನ್ನೆಲ್ಲ ಜನ ಬೀದಿಯಲ್ಲಿ ಅಭಿನಯಿಸಿ ತೋರಿಸುತ್ತಾರೆ. ದೊಡ್ಡವರು, ಸಣ್ಣವರು ಎಂಬ ದಾಕ್ಷಿಣ್ಯ ಅಲ್ಲಿಲ್ಲ.

ಕುಣಿತ ಗಂಡಸರದಾದರೆ ಹಾಡಿನ ಭಂಡಾರ ಹೆಂಗಸರದು. ಬಡಗೇರಿಯ ಸುಕ್ರಿ ಬೊಮ್ಮಗೌಡರ ಹೆಸರನ್ನು ಇಲ್ಲಿ ಹೇಳದಿರುವಂತಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅವರ ನೆನಪಿನಲ್ಲಿ ನಾಟಿ, ಮದುವೆ, ಹಬ್ಬಗಳ ಸಾವಿರಾರು ಹಾಡುಗಳಿದ್ದವು. ಸಾರಾಯಿಯಿಂದ ಮನೆಗಳು ಹಾಳಾಗುವುದನ್ನು ಕಂಡು ಅದರ ವಿರುದ್ಧ ಹೆಂಗಸರನ್ನು ಕೂಡಿಸಿದವರೂ ಅವರೇ. 2017ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಎಲ್. ಆರ್. ಹೆಗಡೆ, ಎನ್. ಆರ್. ನಾಯಕರಂಥ ವಿದ್ವಾಂಸರು ಜಿಲ್ಲೆಯನ್ನು ಸುತ್ತಿ ಜನಪದ ಗೀತೆಗಳನ್ನು ಬರೆದಿಟ್ಟ ಕಾರಣ ಎಷ್ಟೋ ಹಾಡುಗಳು ಪುಸ್ತಕಗಳಲ್ಲಿ ಉಳಿದವು. ಆದರೆ ಹಾಡಿನ ದನಿಯನ್ನು, ನಾಟಿಯ ಗದ್ದೆಯಲ್ಲಿ ಬಾಗಿದ ಬೆನ್ನಿನ ಲಯವನ್ನು ಪುಸ್ತಕ ಹಿಡಿಯಲಾರದು. ಗದ್ದೆಯ ನಾಟಿಯೇ ಕಡಿಮೆಯಾದ ಕಡೆ ನಾಟಿಯ ಹಾಡನ್ನು ಯಾರು, ಯಾವಾಗ ಹಾಡಬೇಕು?

ಸುಕ್ರಿಯವರಿಗಿಂತ ಎರಡು ತಿಂಗಳು ಮೊದಲು, 2024ರ ಡಿಸೆಂಬರ್ 16ರಂದು, ಅದೇ ತಾಲೂಕಿನ ಹೊನ್ನಳ್ಳಿಯಲ್ಲಿ ತುಳಸಿ ಗೌಡರು ತೀರಿಕೊಂಡಿದ್ದರು. ತಂದೆಯನ್ನು ಎಳವೆಯಲ್ಲಿಯೇ ಕಳೆದುಕೊಂಡು, ತಾಯಿಯ ಜೊತೆ ಕೂಲಿಗೆ ಹೋಗುತ್ತ ಬೆಳೆದು, ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದವರು ಅವರು. ಕಾಡಿನಲ್ಲಿ ಯಾವ ಮರ ತಾಯಿಮರ, ಅದರ ಬೀಜವನ್ನು ಯಾವ ವಾರದಲ್ಲಿ ಆರಿಸಿದರೆ ಮೊಳಕೆ ಚೆನ್ನಾಗಿ ಬರುತ್ತದೆ ಎಂಬುದು ಅವರಿಗೆ ನೋಟಮಾತ್ರದಿಂದ ತಿಳಿಯುತ್ತಿತ್ತು. ಸಸ್ಯಶಾಸ್ತ್ರ ಓದಿದ ಅಧಿಕಾರಿಗಳು ಅವರನ್ನು ಕೇಳಿ ಕೆಲಸ ಮಾಡುತ್ತಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ಹಾಸಿನ ಮೇಲೆ ಬರಿಗಾಲಿನಲ್ಲಿ ನಡೆದುಹೋಗಿ ಅವರು ಪದ್ಮಶ್ರೀ ಸ್ವೀಕರಿಸಿದ ಚಿತ್ರವನ್ನು ನಾಡೇ ನೋಡಿತು. ಚಿತ್ರ ಪ್ರಸಿದ್ಧವಾದಷ್ಟು ಅವರ ಬೀಜದ ವಿದ್ಯೆ ಪ್ರಸಿದ್ಧವಾಗಲಿಲ್ಲ ಎಂಬುದನ್ನೂ ಹೇಳಬೇಕು.

ಮರುದಿನ ಹುಡುಗಿ ದೊಡ್ಡಜ್ಜನ ಮನೆಯ ಜಗಲಿಯಲ್ಲಿ ಕುಳಿತು ಉಪ್ಪಿನ ಕಥೆ ಕೇಳಿದಳು. ಗಾಂಧೀಜಿಯವರು ದಂಡಿಯಲ್ಲಿ ಉಪ್ಪು ಹೆಕ್ಕಿದ ಸುದ್ದಿ ಬಂದ ಒಂದು ವಾರದಲ್ಲಿ, 1930ರ ಏಪ್ರಿಲ್ 13ರಂದು, ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರು ಉಪ್ಪಿನ ಕಾಯಿದೆಯನ್ನು ಮುರಿದರು. ಕರ್ನಾಟಕದ ಉಪ್ಪಿನ ಸತ್ಯಾಗ್ರಹಕ್ಕೆ ಈ ಊರೇ ಮುಖ್ಯ ನೆಲೆಯಾಯಿತು. ತಯಾರಿಸಿದ ಉಪ್ಪನ್ನು ಬಹಿರಂಗವಾಗಿ ಹರಾಜು ಹಾಕಿದರು. ಜನ ಹೆಚ್ಚಿನ ಬೆಲೆ ಕೊಟ್ಟು ಕೊಂಡರು. ಮುಂದೆ ಕರನಿರಾಕರಣೆಯ ಹೋರಾಟ ಬಂದಾಗ ತಾಲೂಕಿನ ರೈತರು ಕಂದಾಯ ಕೊಡಲೊಪ್ಪದೆ ಹೊಲ, ಮನೆ, ದನಕರುಗಳನ್ನು ಕಳೆದುಕೊಂಡರು. ಗುಜರಾತಿನ ಬಾರ್ಡೋಲಿಗೆ ಹೋಲಿಸಿ ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಎಂದು ಕರೆದದ್ದು ಆಗಲೇ. "ಉಪ್ಪಿಗೆ ಅಷ್ಟೊಂದು ಜಗಳವೇ, ದೊಡ್ಡಜ್ಜ?" ಎಂದು ಹುಡುಗಿ ಕೇಳಿದಳು. "ಕಡಲು ನಮ್ಮ ಬಾಗಿಲಲ್ಲೇ ಇದೆ ತಂಗೀ. ಅದರ ಉಪ್ಪಿಗೆ ಬೇರೆಯವರ ಅಪ್ಪಣೆ ಯಾಕೆ ಬೇಕು?" ಎಂದರು ಹಿರಿಯರು.

ಅಲಗೇರಿಯ ದಿನಕರ ದೇಸಾಯಿಯವರ ನೆನಪೂ ಆ ಜಗಲಿಯಲ್ಲಿ ಬಂದಿತು. 1909ರಲ್ಲಿ ಹುಟ್ಟಿ 1982ರಲ್ಲಿ ತೀರಿಕೊಂಡ ದೇಸಾಯರನ್ನು ಶಾಲೆಯ ಮಕ್ಕಳು ಚುಟುಕಗಳ ಕವಿಯೆಂದು ಬಲ್ಲರು. ಗೇಣಿದಾರ ರೈತರ ಪರವಾಗಿ ಹೋರಾಡಿದುದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು 1940ರಿಂದ ಐದು ವರ್ಷ ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಹಳ್ಳಿಹಳ್ಳಿಗಳಲ್ಲಿ ಪ್ರೌಢಶಾಲೆಗಳನ್ನು ತೆರೆಯಿತು. ಅಂಕೋಲೆಯ ಗೋಖಲೆ ಶತಾಬ್ದಿ ಕಾಲೇಜೂ ಅದರದೇ. ರೈತರ, ಮೀನುಗಾರರ ಮಕ್ಕಳು ಮೊದಲ ಬಾರಿಗೆ ಬೆಂಚಿನ ಮೇಲೆ ಕುಳಿತದ್ದು ಅಂಥ ಶಾಲೆಗಳಲ್ಲಿ. ದಾಸರಹಳ್ಳಿಯಿಂದ ಬಂದ ಈ ಹಿರಿಯರೂ ಅಂಥ ಒಂದು ಶಾಲೆಯಲ್ಲಿ ಹತ್ತನೆಯ ತರಗತಿಯವರೆಗೆ ಓದಿದವರು.

ಓದಿದ ಮೇಲೆ ಊರಿನಲ್ಲಿಯೇ ಏಕೆ ನಿಲ್ಲಲಿಲ್ಲ? ಈ ಪ್ರಶ್ನೆಗೆ ಉತ್ತರ ರಂಪಣಿ ಬಲೆಯ ಕಥೆಯಲ್ಲಿದೆ. ಕೇಣಿಯ ದಡದಲ್ಲಿ ಅಂದು ಸಂಜೆ ಮೊಮ್ಮಗಳಿಗೆ ಅವರು ಅದನ್ನೇ ಹೇಳಿದರು.

ರಂಪಣಿಯೆಂದರೆ ಒಬ್ಬನ ಬಲೆಯಲ್ಲ. ಪ್ರತಿ ಮನೆಯವರೂ ತಮ್ಮ ಪಾಲಿನ ತುಂಡನ್ನು ತಂದು ಜೋಡಿಸಿದಾಗ ಅದು ಅರ್ಧ ಮೈಲಿಯನ್ನೂ ಮೀರಿ ಉದ್ದವಾಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಬಂಗಡೆ, ತಾರ್ಲೆ ಮೀನುಗಳ ಹಿಂಡು ದಡದ ಹತ್ತಿರಕ್ಕೆ ಬರುತ್ತಿದ್ದವು. ನೀರಿನ ಬಣ್ಣ ಮಾಸುವುದನ್ನು, ಹಕ್ಕಿಗಳು ಎರಗುವುದನ್ನು ನೋಡಿ ಅನುಭವಸ್ಥನೊಬ್ಬ ಕೂಗು ಹಾಕುವನು. ದೋಣಿ ಹಿಂಡನ್ನು ಬಳಸಿಕೊಂಡು ಬಲೆ ಬಿಡುತ್ತ ಬರುವುದು. ಎರಡೂ ತುದಿಗಳನ್ನು ಎಂಬತ್ತು ನೂರು ಜನ ದಡದಲ್ಲಿ ನಿಂತು ಎಳೆಯುವರು. ಮುದುಕರು, ಹುಡುಗರು, ದಾರಿಯಲ್ಲಿ ಹೋಗುತ್ತಿದ್ದವರು ಕೂಡ ಹಗ್ಗಕ್ಕೆ ಕೈ ಹಾಕುವರು. ಹಗ್ಗ ಹಿಡಿದವನಿಗೆ ಪಾಲುಂಟು. ಮೀನು ಹೆಚ್ಚಾದರೆ ಬಲೆಯನ್ನು ನೀರಿನಲ್ಲಿಯೇ ಕಟ್ಟಿನಿಲ್ಲಿಸಿ ದಿನಗಟ್ಟಲೆ ಸ್ವಲ್ಪಸ್ವಲ್ಪವಾಗಿ ತೆಗೆಯುತ್ತಿದ್ದುದೂ ಉಂಟು. 1975ರ ಸುಮಾರಿಗೆ ಕರ್ನಾಟಕದ ಕಡಲಿಗೆ ಯಾಂತ್ರಿಕ ದೋಣಿಗಳ ಪರ್ಸೀನ್ ಬಲೆ ಬಂದಿತು. ದಡಕ್ಕೆ ಬರಬೇಕಾದ ಹಿಂಡನ್ನು ಅದು ಆಳನೀರಿನಲ್ಲಿಯೇ ಸುತ್ತುಗಟ್ಟಿತು. ಕೆಲವೇ ವರ್ಷಗಳಲ್ಲಿ ರಂಪಣಿಗಳು ಮೂಲೆ ಸೇರಿದವು.

"ಬಂಗಡೆ ದಡಕ್ಕೆ ಬರುವುದು ನಿಂತಿತು ಮಗಾ. ಎರಡು ವರ್ಷ ಕಾದೆವು. ಮೂರನೆಯ ವರ್ಷ ಅಪ್ಪ ನಮ್ಮ ಪಾಲಿನ ಬಲೆಯನ್ನು ಮಾರಿ ನನ್ನ ಕೈಯಲ್ಲಿ ಬಸ್ಸಿನ ದುಡ್ಡಿಟ್ಟ."

ಹುಡುಗಿ ಏನನ್ನೂ ಕೇಳಲಿಲ್ಲ. ಅನತಿದೂರದಲ್ಲಿ ಏಳೆಂಟು ಜನ ಕೈರಂಪಣಿ ಎಳೆಯುತ್ತಿದ್ದರು. ಹಳೆಯ ಬಲೆಯ ಚಿಕ್ಕ ರೂಪ ಅದು, ಇನ್ನೂ ಉಳಿದುಕೊಂಡಿದೆ. ಅಣ್ಣನ ಮೊಮ್ಮಗನೂ ಅವರಲ್ಲಿದ್ದ. ಅಜ್ಜ ಚಪ್ಪಲಿ ಕಳಚಿ ಹೋಗಿ ಹಗ್ಗ ಹಿಡಿದರು. ಬಂದದ್ದು ಒಂದು ಬುಟ್ಟಿ ಸಣ್ಣಮೀನು.

ಆ ಕಡಲತೀರದ ಮುಂದಿನ ಕಥೆ ಈಗ ಬೇರೆ ಮಾತುಗಳಲ್ಲಿ ನಡೆಯುತ್ತಿದೆ. 1986ರಲ್ಲಿ ಕಾರವಾರದ ಬಳಿ ನೌಕಾನೆಲೆಗೆ ಅಡಿಗಲ್ಲು ಬಿದ್ದಿತು. ಕಾರವಾರ, ಅಂಕೋಲೆ ತಾಲೂಕುಗಳ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟವು. ದೇಶದ ರಕ್ಷಣೆಗೆ ಬೇಕಾದದ್ದನ್ನು ಬೇಡವೆನ್ನುವವರು ಅಲ್ಲಿ ಕಡಿಮೆ. ಪರಿಹಾರಕ್ಕಾಗಿ ದಶಕಗಟ್ಟಲೆ ಅಲೆದವರು ಬಹಳ. ಅಲಗೇರಿಯ ಸುತ್ತ ವಿಮಾನ ನಿಲ್ದಾಣಕ್ಕೆಂದು ಮತ್ತೆ ಭೂಮಿ ಹೋಯಿತು. ಈಗ ಕೇಣಿಯಲ್ಲಿ ದೊಡ್ಡ ವಾಣಿಜ್ಯ ಬಂದರನ್ನು ಕಟ್ಟುವ ಯೋಜನೆಯಿದೆ. 2025ರಲ್ಲಿ ಸಮೀಕ್ಷೆಯ ಕೆಲಸ ಆರಂಭವಾದಾಗ ಮೀನುಗಾರರು ದಡದಲ್ಲಿ ನಿಂತು ವಿರೋಧಿಸಿದರು. ಹಡಗು ಬಂದರೆ ಹುಡುಗರಿಗೆ ಊರಿನಲ್ಲಿಯೇ ಕೆಲಸ ಸಿಗುತ್ತದೆ ಎನ್ನುವವರೂ ಊರಿನಲ್ಲಿದ್ದಾರೆ. ಒಂದೇ ಮನೆಯ ಜಗಲಿಯಲ್ಲಿ ಎರಡು ಮಾತು ಕೇಳುತ್ತದೆ. ಆದರೆ ದೋಣಿ ನಿಲ್ಲಿಸುವ, ಮೀನು ಒಣಗಿಸುವ ಮರಳು ಒಮ್ಮೆ ಹೋದರೆ ಅದನ್ನು ಯಾವ ಪರಿಹಾರದ ಹಣವೂ ಇನ್ನೊಂದು ಕಡೆ ಹಾಸಿಕೊಡಲಾರದು. ಈ ಮಾತನ್ನು ವಿರೋಧಿಸುವವರು ಮಾತ್ರವಲ್ಲ, ಬೇಕೆನ್ನುವವರೂ ಬಲ್ಲರು.

ರಾತ್ರಿ ಊಟವಾದ ಮೇಲೆ ಅಣ್ಣ ಮಾತು ತೆಗೆದರು. "ಏನು ಮಾಡಿದೆ, ಹುಡುಗನ ವಿಷಯ?"

ತಮ್ಮ ತುಸು ಹೊತ್ತು ಸುಮ್ಮನಿದ್ದು ಹೇಳಿದರು: "ಕೆಲಸ ಸಿಗುತ್ತದೆ ಅಣ್ಣ. ಕೇಳಿ ಇಟ್ಟಿದ್ದೇನೆ. ಬಾಡಿಗೆಗೆ ಅರ್ಧ ಸಂಬಳ ಹೋಗುತ್ತದೆ, ನಮ್ಮ ಮನೆಯಲ್ಲೇ ಇರಲಿ. ಆದರೆ ಅವನನ್ನೇ ಕೇಳು. ನನ್ನನ್ನು ಯಾರೂ ಕೇಳಿರಲಿಲ್ಲ."

ಹುಡುಗ ಬಾಗಿಲಿನ ಬಳಿ ನಿಂತಿದ್ದ. ಈ ಮಳೆಗಾಲ ಕಳೆಯಲಿ, ಆಮೇಲೆ ಹೇಳುತ್ತೇನೆ ಎಂದ. ಅಣ್ಣನಿಗೆ ಸಿಟ್ಟು ಬಂದಿತು; ಮಾತು ಅಲ್ಲಿಗೇ ನಿಂತಿತು.

ಹೊರಡುವ ದಿನ ಬೆಳಗಾಗುವ ಮೊದಲೇ ಹುಡುಗ ತಂಗಿಯನ್ನು ದಡಕ್ಕೆ ಕರೆದೊಯ್ದ. ಮರಳಿನ ಮೇಲೆ ಅಗಲವಾದ ಗೆರೆಯೊಂದು ನೀರಿನಿಂದ ಹೊರಟು ಗಿಡಗಳ ತನಕ ಹೋಗಿ ಮತ್ತೆ ನೀರಿಗೆ ಮರಳಿತ್ತು. ಇರುಳಿನಲ್ಲಿ ಕಡಲಾಮೆ ಬಂದು ಮೊಟ್ಟೆಯಿಟ್ಟು ಹೋದ ಗುರುತು ಅದು. ಆಲಿವ್ ರಿಡ್ಲೆ ಎಂಬ ಈ ಆಮೆಗಳು ಚಳಿಗಾಲದಿಂದ ಬೇಸಗೆಯ ಮೊದಲ ದಿನಗಳವರೆಗೆ ಉತ್ತರ ಕನ್ನಡದ ದಡಗಳಿಗೆ ಬರುತ್ತವೆ. ಒಂದೊಂದು ಗೂಡಿನಲ್ಲಿ ನೂರರ ಆಸುಪಾಸು ಮೊಟ್ಟೆಗಳಿರುತ್ತವೆ. ಹಿಂದೆ ಅವನ್ನು ಅಗೆದು ಒಯ್ಯುತ್ತಿದ್ದರು. ಈಗ ಮೀನುಗಾರರೇ ಅರಣ್ಯ ಇಲಾಖೆಗೆ ಸುದ್ದಿ ಮುಟ್ಟಿಸಿ, ನಾಯಿನರಿಗಳು ಮುಟ್ಟದಂತೆ ಸುತ್ತಲೂ ಬಲೆ ಕಟ್ಟುತ್ತಾರೆ. ಮರಿಯಾಗಲು ಸುಮಾರು ಐವತ್ತು ದಿನ. ಹುಡುಗಿ ಬೆರಳು ಮಡಚಿ ಲೆಕ್ಕ ಹಾಕಿದಳು: ಏಪ್ರಿಲಿನ ಕೊನೆ. ಅಷ್ಟರಲ್ಲಿ ಪರೀಕ್ಷೆಯೂ ಮುಗಿದಿರುತ್ತದೆ, ಫಲಿತಾಂಶವೂ ಬಂದಿರುತ್ತದೆ.

"ಮರಿ ಹೊರಟ ದಿನ ಫೋನು ಮಾಡಬೇಕು, ಅಣ್ಣ. ಎಷ್ಟು ಮರಿ ಅಂತ ಎಣಿಸಿ ಹೇಳಬೇಕು."

"ಕತ್ತಲಲ್ಲಿ ಓಡುತ್ತವೆ, ಎಣಿಸುವುದು ಹೇಗೆ?" ಎಂದು ನಕ್ಕರೂ ಅವನು ಒಪ್ಪಿಕೊಂಡ. ಇಬ್ಬರೂ ಸೇರಿ ಮನೆಯ ಹಿತ್ತಿಲಿನಲ್ಲಿ ಬಿದ್ದಿದ್ದ ಹಳೆಯ ಬಲೆಯ ತುಂಡೊಂದನ್ನು ತಂದು ಗೂಡಿನ ಸುತ್ತ ಗೂಟ ನೆಟ್ಟು ಕಟ್ಟಿದರು. ಬಲೆ ಮಾಸಿ ಕಪ್ಪಾಗಿತ್ತು; ಕಣ್ಣುಗಳು ಮಾತ್ರ ಗಟ್ಟಿಯಾಗಿದ್ದವು.

ಏಪ್ರಿಲ್ ಕೊನೆಯ ಒಂದು ಬೆಳಿಗ್ಗೆ ದಾಸರಹಳ್ಳಿಯ ಮನೆಗೆ ಆ ಫೋನು ಬಂದಿತು. ಆಗಲೇ ಮೇಲ್ದಾರಿಯಲ್ಲಿ ರೈಲು ಹಾದುಹೋಯಿತು; ಹುಡುಗಿಗೆ ಸಂಖ್ಯೆ ಕೇಳಿಸಲಿಲ್ಲ. "ಇನ್ನೊಂದು ಸಲ ಹೇಳು ಅಣ್ಣ, ಎಷ್ಟು ಎಂದೆ?" ಎಂದು ಅವಳು ಕಿವಿಗೆ ಫೋನು ಒತ್ತಿಕೊಂಡು ಅಂಗಳಕ್ಕೆ ಓಡಿದಳು.